ಟೈರಿನ ಒಳ ಅಂಚು

ನನ್ನ ತಮ್ಮ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಊರಿಗೆಲ್ಲ ಕಣ್ಣು ಕೊಡುವ ಮಹಾಶಯನಿಗೆ ತನ್ನ ಕಾರಿನ ಟೈರು ಸವೆದಿದೆಯೋ ಇಲ್ಲವೋ ಕಾಣುವುದಿಲ್ಲ. ಆದರೂ ರಜಾ ದಿನಗಳಲ್ಲಿ ರೇಸ್ ಟ್ರ್ಯಾಕನ್ನು ನಮ್ಮಂಥ ಸಾಮಾನ್ಯರಿಗೆ ಬಿಟ್ಟುಕೊಟ್ಟಾಗ ಇವನೇ ಮೊದಲು ಹೋಗಿ ನಿಲ್ಲುವವನು. ಅಲ್ಲಿ ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಹೆಲ್ಮೆಟ್ ಹಾಕಿಕೊಂಡು, ಸ್ವಂತ ಕಾರನ್ನು ಜೀವ ಬಾಯಿಗೆ ಬರುವಷ್ಟು ಜೋರಾಗಿ ಓಡಿಸಿ, ಸಂಜೆ ತೆಪ್ಪಗೆ ಮನೆಗೆ ಬರುವುದು, ಅಷ್ಟೇ.

ಅಮ್ಮ ಇದಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಅಕ್ಕ ಟೈರು ನೋಡಿ ಹೂಂ ಅಂದ್ರೆ ಮಾತ್ರ ಓಡಿಸು, ಇಲ್ದಿದ್ರೆ ಬೇಡ" ಎಂದಳು. ನನಗೂ ಆ ಕೆಲಸ ಹೊಸದಲ್ಲ. ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗಳನ್ನು ಪರೀಕ್ಷೆ ಮಾಡುವವಳು ನಾನು. ಯಾವ ರಬ್ಬರು ಮೆತ್ತಗಿದೆ, ಯಾವುದು ಸೆಟೆದುಕೊಂಡಿದೆ ಎಂದು ಉಗುರು ಒತ್ತಿ ಹೇಳುತ್ತೇನೆ. ಟ್ರ್ಯಾಕಿನಲ್ಲಿ ಒಬ್ಬೊಬ್ಬರಾಗಿ ತಮ್ಮ ಟೈರನ್ನೂ ತೋರಿಸತೊಡಗಿದರು. ಯಾರೋ ಟೈರಕ್ಕ ಅಂದರು, ಅದೇ ನಿಂತಿತು. ಆ ಹೆಸರು ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ. ಒಮ್ಮೆ ಹೇಳಿದ ತೀರ್ಪನ್ನು ನಾನು ತಿದ್ದುವುದಿಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಆವತ್ತು ಬಿಸಿಲು ಚುರುಗುಟ್ಟುತ್ತಿತ್ತು. ಊಟ ಮುಗಿಸಿ ಒಂದು ಸರದಿ ಓಡಿಸಿ ಬಂದ ತಮ್ಮ, ಕಾರಿನಿಂದ ಇಳಿಯುವ ಮೊದಲೇ ಕಿಟಕಿಯಿಂದ ತಲೆ ಹೊರಹಾಕಿದ.

"ಅಕ್ಕ, ಕಾರು ನಡುಗ್ತಾ ಇದೆ. ಸ್ಟೇರಿಂಗ್ ಹಿಡಿದ್ರೆ ಕೈಯೆಲ್ಲ ಜುಮ್ ಅನ್ನುತ್ತೆ."

"ಟೈರಿಗೆ ರಬ್ಬರು ಮೆತ್ತಿಕೊಂಡಿರುತ್ತೆ. ಇಳಿ, ನೋಡ್ತೀನಿ" ಎಂದೆ.

ಇದು ಎಲ್ಲರಿಗೂ ಆಗುವುದೇ. ಜೋರಾಗಿ ಓಡಿದ ಟೈರುಗಳಿಂದ ರಬ್ಬರು ಚೂರುಚೂರಾಗಿ ಉದುರಿ ರಸ್ತೆಯ ಬದಿಗೆ ಬಿದ್ದಿರುತ್ತದೆ. ಸರದಿ ಮುಗಿಸಿ ನಿಧಾನವಾಗಿ ಬದಿಯಲ್ಲಿ ಬರುವಾಗ ನಮ್ಮ ಬಿಸಿ ಟೈರು ಆ ಚೂರುಗಳನ್ನೆಲ್ಲ ಅಂಟಿಸಿಕೊಂಡು ಬರುತ್ತದೆ. ಮೇಲೆ ಒಂದು ಪದರವೇ ಕೂತುಬಿಡುತ್ತದೆ, ಕಾರು ನಡುಗುತ್ತದೆ. ಮತ್ತೆ ಒಂದೆರಡು ಸುತ್ತು ಜೋರಾಗಿ ಹೊಡೆದರೆ ಬಹುಪಾಲು ತಾನಾಗಿ ಕಿತ್ತುಹೋಗುತ್ತದೆ. ಆದರೆ ಟೈರು ಎಷ್ಟು ಸವೆದಿದೆ ಎಂದು ತಿಳಿಯಬೇಕಾದರೆ ಹಾಗೇ ನೋಡುವಂತಿಲ್ಲ, ಆ ಪದರವನ್ನು ಹೆರೆದು ತೆಗೆದೇ ನೋಡಬೇಕು. ಇಲ್ಲವಾದರೆ ನೀವು ಲೆಕ್ಕ ಹಾಕುವುದು ಊರವರ ರಬ್ಬರನ್ನು.

ಕೈಗವಸು ಹಾಕಿಕೊಂಡು, ಪೇಂಟರುಗಳು ಪುಟ್ಟಿ ಎಳೆಯುವ ಪಟ್ಟಿಯಿಂದ ನಾನು ಹೆರೆಯತೊಡಗಿದೆ. ಎಡಗಡೆಯ ಮುಂದಿನ ಟೈರಿಗೇ ಅಲ್ಲಿ ಹೆಚ್ಚು ಪೆಟ್ಟು, ಯಾಕೆಂದರೆ ಆ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಜಾಸ್ತಿ. ಸಾಲದ್ದಕ್ಕೆ ತಿರುವಿನಲ್ಲಿ ಹಿಡಿತ ಸಿಗಲಿ ಎಂದು ತಮ್ಮ ಮುಂದಿನ ಚಕ್ರಗಳ ತಲೆಯನ್ನು ಒಳಕ್ಕೆ ವಾಲಿಸಿದ್ದಾನೆ. ವಾರವಿಡೀ ಅದೇ ಕಾರಿನಲ್ಲಿ ಅಂಗಡಿಗೂ ಓಡಾಡುತ್ತಾನೆ. ಹಾಗಾಗಿ ಒಳ ಅಂಚು ಬೇಗ ಸವೆಯುತ್ತದೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಅನ್ನುತ್ತಾರಲ್ಲ, ಅದೇ ಕಥೆ. ಒಳ ಅಂಚನ್ನು ನೋಡಬೇಕಾದರೆ ಚಕ್ರವನ್ನು ಪೂರ್ತಿ ತಿರುಗಿಸಿಕೊಂಡು, ನೆಲಕ್ಕೆ ಕೆನ್ನೆ ತಾಗುವ ಹಾಗೆ ಬಗ್ಗಬೇಕು.

ಹೊರ ಅಂಚು ಹೆರೆದೆ, ಚೆನ್ನಾಗಿತ್ತು. ನಡುಭಾಗವನ್ನೂ ಹೆರೆದೆ, ಗೀರುಗಳಲ್ಲಿ ಇನ್ನೂ ಆಳವಿತ್ತು. ಬಗ್ಗಬೇಕು ಅನ್ನುವಷ್ಟರಲ್ಲಿ ಪಕ್ಕದ ಕಾರಿನ ಹಲ್ಲಿನ ಡಾಕ್ಟರು ಬಂದರು.

"ಟೈರಕ್ಕ, ನೀವು ಹೇಳಿದ ಹಾಗೆ ಗಾಳಿ ಸ್ವಲ್ಪ ಇಳಿಸಿದೆ ನೋಡಿ. ಕಾರು ರಸ್ತೆ ಕಚ್ಕೊಂಡು ಹೋಗುತ್ತೆ! ನೀವು ಇಷ್ಟು ದಿನ ಎಲ್ಲಿದ್ರಿ?"

ಉಬ್ಬಿಹೋದೆ. ಅವರ ಜೊತೆ ಮಾತಾಡುತ್ತಲೇ ಕೈಯನ್ನು ಚಕ್ರದ ಹಿಂದಕ್ಕೆ ತೂರಿಸಿ, ಒಳ ಅಂಚಿನ ಮೇಲೆ ಬೆರಳಾಡಿಸಿದೆ. ದಪ್ಪಗೆ, ಮೆತ್ತಗೆ ಸಿಕ್ಕಿತು. ಕೈಗವಸಿಗೆ ಒಂದಿಷ್ಟು ಅಂಟು ಬಂತು. ಬೇಕಾದಷ್ಟು ರಬ್ಬರಿದೆ ಎಂದುಕೊಂಡೆ.

"ಏನೂ ಆಗಿಲ್ಲ. ಕೊನೇ ಸರದಿ ಧಾರಾಳವಾಗಿ ಓಡಿಸು. ಉಳಿದ ಅಂಟು ಎರಡು ಸುತ್ತಲ್ಲಿ ಉದುರಿ ಹೋಗುತ್ತೆ."

ತಮ್ಮ ಹೆಲ್ಮೆಟನ್ನು ಕೈಯಲ್ಲೇ ತಿರುಗಿಸುತ್ತ ನಿಂತಿದ್ದ. "ಅಲ್ಲ ಅಕ್ಕ, ಇವತ್ತಿಗೆ ಸಾಕು ಮಾಡ್ಲಾ? ಯಾಕೋ ಮನಸ್ಸೇ ಇಲ್ಲ."

"ನಡುಗ್ತಾ ಇರೋದು ಕಾರಲ್ಲ, ನೀನು" ಎಂದೆ.

ಡಾಕ್ಟರು ನಕ್ಕರು. ಸುತ್ತ ಇದ್ದವರೂ ನಕ್ಕರು. ತಮ್ಮನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿತ್ತು. ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ.

ನಾನು ಕುರ್ಚಿಯ ಮೇಲೆ ಕೂತು ಕೈಗವಸಿಗೆ ಹತ್ತಿದ ಅಂಟನ್ನು ಕೀಳತೊಡಗಿದೆ. ಕಪ್ಪು ಉಂಡೆಯೊಂದನ್ನು ಎಳೆದಾಗ ಅದರ ಜೊತೆ ಒಂದು ಎಳೆ ಬಂತು. ಬೆಳ್ಳಗಿನ ನೂಲಿನೆಳೆ. ಕೈಗವಸಿನದಿರಬೇಕು ಎಂದು ತಿರುಗಿಸಿ ನೋಡಿದೆ, ಅದು ಬರೀ ರಬ್ಬರು. ಒರೆಸುವ ಬಟ್ಟೆಯದೇ ಎಂದರೆ ಬಟ್ಟೆ ಕೆಂಪು. ಇನ್ನೊಂದು ಉಂಡೆ ಕಿತ್ತೆ. ಅದರಲ್ಲೂ ಎಳೆ.

ಟೈರಿನ ಹೊಟ್ಟೆಯೊಳಗೆ ಹೆಣೆದ ನೂಲು ಅದು. ಮೇಲಿನ ರಬ್ಬರು ಪೂರ್ತಿ ಸವೆದ ಮೇಲೆಯೇ ಆ ನೂಲು ಹೊರಗೆ ಕಾಣುವುದು. ನನ್ನ ಬೆರಳಿಗೆ ಸಿಕ್ಕ ದಪ್ಪ, ಮೆತ್ತನೆಯ ರಬ್ಬರು ಆ ಟೈರಿನದೇ ಅಲ್ಲ, ಬದಿಯ ಕಸ. ಅದರಡಿಯಲ್ಲಿ ಏನೂ ಉಳಿದಿರಲಿಲ್ಲ. ಎರಡು ಸುತ್ತಲ್ಲಿ ಉದುರಿ ಹೋಗುತ್ತೆ ಎಂದು ನಾನೇ ಹೇಳಿ ಕಳಿಸಿದ್ದೆ.

ಓಡಿದೆ. ಟ್ರ್ಯಾಕಿನ ಬಾಯಲ್ಲಿ ಬಾವುಟ ಹಿಡಿದು ನಿಲ್ಲುವ ಹಿರಿಯರೊಬ್ಬರಿದ್ದರು, ಎಲ್ಲರೂ ಅವರನ್ನು ಬಾವುಟದಣ್ಣ ಅನ್ನುತ್ತಿದ್ದರು.

"ಅಣ್ಣ, ನನ್ನ ತಮ್ಮನ್ನ ಒಳಗೆ ಕರೀರಿ. ಬೇಗ!"

"ಯಾಕಮ್ಮ? ಏನಾಯ್ತು?"

"ಮುಂದಿನ ಟೈರು ಹೋಗಿದೆ. ನೂಲು ಬಂದಿದೆ."

ಅವರು ನನ್ನನ್ನೇ ನೋಡಿದರು. "ಈಗ ತಾನೇ ನೀವೇ ನೋಡಿ ಕಳಿಸಿದ್ರಲ್ಲ?"

"ನೋಡ್ಲಿಲ್ಲ ಅಣ್ಣ. ನೋಡಿದೆ ಅಂತ ಹೇಳ್ದೆ ಅಷ್ಟೇ."

ಹೀಗೆ ಬಾಯಿಬಿಟ್ಟು ಹೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅವರು ಕಪ್ಪು ಬಾವುಟ ಎತ್ತಿ, ತಮ್ಮನ ಕಾರಿನ ನಂಬರಿನ ಹಲಗೆಯನ್ನು ಪಕ್ಕಕ್ಕೆ ಹಿಡಿದರು. ಕಪ್ಪು ಬಾವುಟ ಎಂದರೆ ಟ್ರ್ಯಾಕು ಬಿಟ್ಟು ತಕ್ಷಣ ಒಳಗೆ ಬಾ ಎಂದರ್ಥ.

ಅವನ ಕಾರು ನೇರ ರಸ್ತೆಯಲ್ಲಿ ಕಂಡಿತು. ಆ ರಸ್ತೆಯ ಕೊನೆಗೆ ಇಳಿಜಾರಿನ ಬಲ ತಿರುವು, ತಿರುವಿನಾಚೆ ಗೋಡೆ. ಅಲ್ಲಿ ಕಾರಿನ ಭಾರವೆಲ್ಲ ಬೀಳುವುದು ಎಡ ಮುಂದಿನ ಟೈರಿನ ಮೇಲೆ. ಕಾರು ಹತ್ತಿರ ಬಂತು. ವೇಗ ಕಡಿಮೆಯಾಗಲಿಲ್ಲ. ಬಾವುಟದ ಮುಂದೆ ಹಾದುಹೋಗುವಾಗ ಅವನು ನನ್ನ ಕಡೆ ಕೈ ಬೀಸಿದಂತಿತ್ತು. ಸೀದಾ ಹೋಗಿಬಿಟ್ಟ.

"ಬಾವುಟ ನೋಡಿದಾನೆ" ಎಂದರು ಬಾವುಟದಣ್ಣ. "ನೋಡಿಯೂ ಬರ್ತಿಲ್ಲ. ಹುಡುಗಾಟನಾ ಇದು?"

ಕಾರು ತಿರುವಿನಲ್ಲಿ ಮರೆಯಾಯಿತು. ನಾನು ಕಿವಿಗೊಟ್ಟು ನಿಂತೆ. ಯಾವುದೋ ಟೈರು ಕಿರ್ರೆಂದಿತು. ಆಮೇಲೆ ಎಂಜಿನ್ನಿನ ಸದ್ದು, ದೂರದಲ್ಲಿ. ಬದುಕಿದ್ದಾನೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಳೋ. ಅವಳು ಈಗ ಮನೆಯಲ್ಲಿ ನಿಶ್ಚಿಂತೆಯಿಂದ ಕೂತಿರುತ್ತಾಳೆ, ನಾನು ಹೂಂ ಅಂದಿದ್ದೇನೆ ಎಂಬ ಧೈರ್ಯದಲ್ಲಿ. ಅವಳಿಗೆ ಏನೆಂದು ಹೇಳಲಿ? ಡಾಕ್ಟರು ಹೊಗಳುತ್ತಿದ್ದರು, ಬಗ್ಗಲು ಪುರಸೊತ್ತಾಗಲಿಲ್ಲ ಎನ್ನಲೇ?

ಬಾವುಟದಣ್ಣ ಬೇಡ ಬೇಡ ಎನ್ನುತ್ತಿದ್ದರೂ ನಾನು ಮೋಟುಗೋಡೆಯ ಮೇಲೆ ಹತ್ತಿ ನಿಂತೆ. ಕೆಂಪು ಬಟ್ಟೆ ಕೈಯಲ್ಲೇ ಇತ್ತು. ಅದನ್ನು ಬೀಸುತ್ತ, ನಿಲ್ಲಿಸೋ, ನಿಲ್ಲಿಸೋ ಎಂದು ಕಿರುಚಿದೆ. ಆ ಗದ್ದಲದಲ್ಲಿ ನನ್ನ ಕಿರುಚಾಟ ನನಗೇ ಕೇಳಿಸಲಿಲ್ಲ. ಅಳು ಯಾವಾಗ ಬಂತೋ ಗೊತ್ತಿಲ್ಲ. ಕಾರು ಮತ್ತೆ ನೇರ ರಸ್ತೆಗೆ ಬಂತು. ಅದೇ ವೇಗ. ಕಾರಿನ ಮೂಗು ನಡುಗುವುದು ಇಲ್ಲಿಗೇ ಕಾಣುತ್ತಿತ್ತು. ನನ್ನ ಸಮೀಪಕ್ಕೆ ಬಂದಾಗ ಬ್ರೇಕು ಬಿತ್ತು. ಇಂಡಿಕೇಟರ್ ಹೊತ್ತಿಸಿ, ನಿಧಾನವಾಗಿ ಒಳದಾರಿಗೆ ತಿರುಗಿದ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಅವನು ಹೆಲ್ಮೆಟ್ ಕಿತ್ತೆಸೆದು ಇಳಿದಿದ್ದ. ಮುಖ ಬಿಳಿಚಿಕೊಂಡಿತ್ತು. ನನ್ನ ಎರಡೂ ತೋಳು ಹಿಡಿದುಕೊಂಡ.

"ಯಾಕೆ ಅಳ್ತಿದೀಯ? ಅಮ್ಮನಿಗೇನಾಯ್ತು?"

"ಅಮ್ಮನಿಗೇನೂ ಆಗಿಲ್ಲ. ಟೈರು ಕಣೋ. ಬಾವುಟ ನೋಡ್ಲಿಲ್ವಾ ನೀನು?"

"ನೋಡ್ದೆ. ನನ್ನ ನಂಬರೂ ನೋಡ್ದೆ." ಅವನು ಉಸಿರು ಬಿಟ್ಟ. ಅಮ್ಮ ಕ್ಷೇಮ ಎಂದು ತಿಳಿದು ಮುಖಕ್ಕೆ ಸ್ವಲ್ಪ ಬಣ್ಣ ಬಂತು. "ಟೈರಿನದೇ ಏನೋ ಇರ್ಬೇಕು, ಇವರಿಗೇನು ಗೊತ್ತು, ನನ್ನಕ್ಕ ನೋಡಿ ಕಳಿಸಿದಾಳೆ ಅಂದ್ಕೊಂಡೆ. ಒಳಗೆ ಬಂದ್ರೆ ನೀನು ಮತ್ತೆ ಪುಕ್ಕಲ ಅಂತೀಯ ಅಂತ..."

ನಾನು ಚಕ್ರವನ್ನು ಪೂರ್ತಿ ತಿರುಗಿಸಿ ನೆಲಕ್ಕೆ ಬಗ್ಗಿದೆ. ಒಳ ಅಂಚಿನ ಅಂಟೆಲ್ಲ ಕಿತ್ತುಹೋಗಿತ್ತು. ಸುತ್ತಲೂ ಬಿಳಿ ನೂಲು ಕೆದರಿ ನಿಂತಿತ್ತು, ಒಂದು ಕಡೆ ಟೈರು ಬೆರಳಿನಷ್ಟು ಉಬ್ಬಿತ್ತು. ಅವನೂ ನನ್ನ ಪಕ್ಕದಲ್ಲಿ ಬಗ್ಗಿ ನೋಡಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಎದ್ದು ಕೈ ಒರೆಸಿಕೊಂಡು ಮೆಲ್ಲಗೆ ಕೇಳಿದ: "ಮನೆಗೆ ಇದರಲ್ಲೇ ಹೋಗಬಹುದಾ ಅಕ್ಕ? ನೀನು ಹೇಳಿದ ಹಾಗೆ ಮಾಡ್ತೀನಿ."