ಅಣೆಕಟ್ಟು ಒಡೆದ ಡ್ರಾಯಿಂಗ್ ಮಾಸ್ತರ

ಮುದ್ದೇಬಿಹಾಳದ ಡ್ರಾಯಿಂಗ್ ಮಾಸ್ತರ ಪರಮಾನಂದನಿಗೆ ಊರಲ್ಲಿ ಹೇಳಿಕೊಳ್ಳುವಂಥ ಹೆಸರೇನೂ ಇರಲಿಲ್ಲ. ಇದ್ದ ಅಷ್ಟಿಷ್ಟು ಹೆಸರು ಇಂಗ್ಲೆಂಡಿನಲ್ಲಿತ್ತು, ಅದೂ ಬೆರಳೆಣಿಕೆಯ ಮಂದಿಯಲ್ಲಿ. ಅಲ್ಲಿ ಅರ್ನೆಸ್ಟ್ ಗ್ರಿಂಬಲ್ ಎಂಬ ಬೇಕರಿ ಗುಮಾಸ್ತ, ವಿಜ್ಞಾನ ಕಥೆಗಳ ಹುಚ್ಚು ಹಿಡಿದವನು, ತನ್ನಂಥ ಹುಚ್ಚರಿಗಾಗಿ ಸೈಕ್ಲೋಸ್ಟೈಲ್ ಮಾಡಿದ ಪತ್ರಿಕೆಯೊಂದನ್ನು ಅಂಚೆಯಲ್ಲಿ ಹಂಚುತ್ತಿದ್ದ. ಆ ಬಳಗದಲ್ಲೇ ಅವನ ಗುರುತು ಅಷ್ಟಕ್ಕಷ್ಟೆ. ಅವನ ಪತ್ರಿಕೆಯ ಮುಖಪುಟಕ್ಕೆ ರಾಕೆಟ್ಟು, ಎರಡು ಸೂರ್ಯರಿರುವ ಆಕಾಶ ಬಿಡಿಸಿ ಕಳಿಸುವವನು ನಮ್ಮ ಮಾಸ್ತರ. ಹುಚ್ಚನಿಗೆ ಹುಚ್ಚನೇ ಗೆಳೆಯ ಎಂದು ಹೆಂಡತಿ ಕಸ್ತೂರೆವ್ವ ನಗುತ್ತಿದ್ದಳು.

ಆ ಬಳಗದಲ್ಲೊಂದು ರೂಢಿಯಿತ್ತು. ಗೆಳೆಯನ ಮೇಲೆ ಪ್ರೀತಿ ಉಕ್ಕಿದರೆ, ಹೆಸರು ಊರು ಸಮೇತ ಅವನನ್ನು ಕಥೆಯೊಳಗಿನ ಪಾತ್ರ ಮಾಡಿಬಿಡುವುದು. ಅದಕ್ಕಿಂತ ದೊಡ್ಡ ಸನ್ಮಾನ ಅವರಲ್ಲಿಲ್ಲ. ನಿಡಗುಂದಿಯ ಕಡೆ ಆಲಮಟ್ಟಿಯಲ್ಲಿ ಅಣೆಕಟ್ಟು ಏಳುತ್ತಿರುವುದನ್ನೂ ಮುಂದೆ ಮುಳುಗಲಿರುವ ಹಳ್ಳಿಗಳ ಸುದ್ದಿಯನ್ನೂ ಮಾಸ್ತರ ಒಮ್ಮೆ ಗ್ರಿಂಬಲ್‌ಗೆ ತಿಳಿಸಿದ್ದ. ಆ ಪುಣ್ಯಾತ್ಮ ಸುಮ್ಮನಿರಬೇಕಲ್ಲ. ನೂರು ವರ್ಷ ಮುಂದಿನ ಕಥೆ ಹೆಣೆದ. ಮುಳುಗಿದ ಊರನ್ನು ಮತ್ತೆ ನೀರಿನಿಂದ ಹೊರತರಲು ಮುದ್ದೇಬಿಹಾಳದ ಪರಮಾನಂದ ಆಲಮಟ್ಟಿಯ ಅಣೆಕಟ್ಟನ್ನು ಬೆಳಕಿನ ಕಿರಣದಿಂದ ಸೀಳಿಹಾಕುತ್ತಾನೆ. ಆ ಕಥೆಗೆ ಒಡೆದ ಕಟ್ಟೆಯ ಚಿತ್ರವನ್ನೂ ಮಾಸ್ತರನೇ ಹಿಗ್ಗಿನಿಂದ ಬಿಡಿಸಿ ಕಳಿಸಿದ್ದ.

ಆಗ ಇಲ್ಲಿ ತುರ್ತುಪರಿಸ್ಥಿತಿಯ ಎರಡನೆಯ ವರ್ಷ. ಹಗ್ಗವೂ ಹಾವಾಗಿ ಕಾಣುವ ಕಾಲ. ಸರಕಾರದ ವಿರುದ್ಧ ಸೈಕ್ಲೋಸ್ಟೈಲ್ ಮಾಡಿದ ಕರಪತ್ರ ಹಂಚಿದನೆಂದು ಅಡತಿ ಅಂಗಡಿಯ ಖಂಡೆಪ್ಪನನ್ನು ಕರೆದೊಯ್ದಿದ್ದರು. ಎಲ್ಲಿದ್ದಾನೆಂದು ಕೇಳಲು ಅವನ ಅಣ್ಣತಮ್ಮಂದಿರಿಗೂ ಧೈರ್ಯವಿರಲಿಲ್ಲ.

ಒಂದು ಮುಂಜಾನೆ ಪೊಲೀಸ್ ಜಮಾದಾರ ದಾವಲಮಲಿಕ ಬಾಗಿಲಿಗೆ ಸೈಕಲ್ ಒರಗಿಸಿ ಒಳಗೆ ಬಂದ. ಕೈಯಲ್ಲಿ ಬಿಚ್ಚಿದ ಲಕೋಟೆ, ಅದರೊಳಗೆ ಗ್ರಿಂಬಲ್‌ನ ಪತ್ರಿಕೆ. ಅವನ ಮಗಳು ಅಬಿದಾ ಮಾಸ್ತರನ ಬಳಿಯೇ ಚಿತ್ರ ಕಲಿತವಳು. ಆದರೂ ಕೊಟ್ಟ ಕುರ್ಚಿಯಲ್ಲಿ ಅವನು ಕೂರಲಿಲ್ಲ. ಕಸ್ತೂರೆವ್ವ ಚಹಾಕ್ಕಿಟ್ಟಿದ್ದ ಒಲೆಯ ಹತ್ತಿರವೇ ಗೋಡೆಗೆ ಆತು ನಿಂತ. ಇದು ಟಪಾಲಿನ ತಪಾಸಣೆಯಲ್ಲಿ ಸಿಕ್ಕಿತೆಂದ. ಇಂಗ್ಲೀಷು ತನಗೆ ಅಕ್ಷರ ಕೂಡಿಸುವಷ್ಟೇ ಗೊತ್ತು, ಆದರೂ ಮಾಸ್ತರನ ಹೆಸರು, ಆಲಮಟ್ಟಿ, ಈ ಒಡೆದ ಕಟ್ಟೆಯ ಚಿತ್ರ ಎಲ್ಲ ತಿಳಿದವೆಂದ.

“ಇದರಾಗ ಏನ್ ಬರದಾರ, ನೀವ ಓದಿ ಹೇಳ್ರಿ ಮಾಸ್ತರ.”

ಮಾಸ್ತರನ ಕಣ್ಣೆದುರು ಖಂಡೆಪ್ಪನ ಮುಖ ಬಂದು ನಿಂತಿತು. ಪುಟ ತೆರೆದು, ಅಲ್ಲಿದ್ದದ್ದನ್ನು ಬಿಟ್ಟು ಬೇರೆಯದನ್ನೇ ಓದತೊಡಗಿದ. ಆಕಾಶದಿಂದ ಇಳಿದ ವೈರಿಗಳು ಕಟ್ಟೆ ಒಡೆಯುತ್ತಾರೆ, ಪರಮಾನಂದ ಎದೆಯೊಡ್ಡಿ ನಿಂತು ಅದನ್ನು ಉಳಿಸುತ್ತಾನೆ, ಸರಕಾರ ಅವನಿಗೆ ಹಾರ ಹಾಕುತ್ತದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ತನಗಾಗಿ ಗೆಳೆಯ ಕಟ್ಟಿದ ಕಥೆಯನ್ನು ತನ್ನ ಬಾಯಿಂದಲೇ ಕೆಡಿಸುತ್ತಿದ್ದೇನೆಂಬ ಅರಿವಿತ್ತು. ಆದರೂ ನಿಲ್ಲಿಸಲಿಲ್ಲ.

ದಾವಲಮಲಿಕನ ಮುಖ ಅರಳಿತು. ಈಗ ಕುರ್ಚಿಯಲ್ಲಿ ಕೂತು ಚಹಾ ಕುಡಿದ. ಪತ್ರಿಕೆಯನ್ನು ಲಕೋಟೆಗೆ ತುರುಕಿ ಎದ್ದ. ಅದಕ್ಕಾಗಿ ಮಾಸ್ತರ ಕೈ ಚಾಚಿದರೆ, ಜಮಾದಾರ ಆ ಕೈಯನ್ನೇ ಹಿಡಿದು ಕುಲುಕಿದ.

“ಸರಕಾರಿ ಬಂಗಲೇದಾಗ ಬಿಜಾಪುರದ ಪೊಲೀಸ್ ಸಾಹೇಬ್ರು ಇಳಿದಾರ್ರಿ. ಇಂಗ್ಲೀಷ ಭಾಳ ಓದಿದವ್ರು. ವಿಲಾಯತಿಯವ ನಮ್ಮ ಕಟ್ಟಿ ಹೊಗಳ್ಯಾನಂದ್ರ ಖುಷಿ ಆಗ್ತಾರ. ಈಗ ಕೊಟ್ಟ ಬರ್ತೇನಿ.”

ಸೈಕಲ್ ಹತ್ತುವಾಗ ದನಿ ತಗ್ಗಿಸಿದ.

“ಖರೇ ಹೇಳ್ತೇನ್ರಿ, ನಾನೂ ಅಂಜಿದ್ದೆ. ಕೆಟ್ಟದ್ದೇನರ ಇದ್ದಿದ್ದರ, ಯಾರಿಗೂ ತೋರಿಸದ ನಿಮ್ಮ ಒಲ್ಯಾಗ ಹಾಕಿ ಹೋಗಬೇಕಂತನ ಬಂದಿದ್ದೆ.”

ನಿಜ ಹೇಳಿಬಿಡಬೇಕೆಂದು ಮಾಸ್ತರ ಹೊರಗೆ ಓಡಿದ. ಅಷ್ಟರಲ್ಲಿ ಸೈಕಲ್ ಓಣಿಯ ತಿರುವು ದಾಟಿತ್ತು. ಗಂಡನ ಹೆಸರು ಸಾಹೇಬರ ತನಕ ಹೋಯಿತೆಂಬ ಸಂಭ್ರಮದಲ್ಲಿ ಕಸ್ತೂರೆವ್ವ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿ ಸಿಹಿ ಸಜ್ಜಕ ಮಾಡಲು ಕೂತಳು. ಮಾಸ್ತರ ಹೊಸ್ತಿಲ ಮೇಲೆ ಕುಸಿದು, ತನ್ನನ್ನು ಕರೆದೊಯ್ಯಲು ಬರುವ ಜೀಪಿನ ಸದ್ದಿಗೆ ಕಿವಿಗೊಟ್ಟು ಕೂತ.