ಹುಳಿ ಬಂದ ನೀರುದೋಸೆ

ನಮ್ಮವರು, ಅಂದರೆ ನನ್ನ ಗಂಡ ಅಖಿಲೇಶ್, ಕವಿಯಾದದ್ದು ಐವತ್ತು ಹತ್ತಿರ ಬಂದ ಮೇಲೆ, ಒಂದು ಆನ್‌ಲೈನ್ ತರಗತಿಗೆ ಸೇರಿ. ಅದಕ್ಕೆ ಮೊದಲು ಎಲ್ಲರ ಹಾಗೆಯೇ ಇದ್ದರು. ಜಿದ್ದಾ ಬಂದರಿನ ಹತ್ತಿರ ಒಂದು ಸರಕು ಸಾಗಣೆ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಯಾರ ತಲೆಯ ಮೇಲೆ ಏನು ಬೀಳಬಹುದು ಎಂದು ನೋಡಿ ಎಚ್ಚರಿಸುವುದು ಕೆಲಸ. ಸಂಜೆ ಬಂದು ಉಂಡು, ಟೀವಿಯ ಎದುರು ಬಾಯಿ ತೆರೆದು ನಿದ್ದೆ ಹೋಗುತ್ತಿದ್ದರು. ಆಗ ನನಗೆ ಅದು ಕಿರಿಕಿರಿಯಾಗುತ್ತಿತ್ತು. ಎಷ್ಟು ಒಳ್ಳೆಯ ದಿನಗಳಾಗಿದ್ದವು ಎಂದು ಈಗ ಗೊತ್ತಾಗುತ್ತಿದೆ.

ತರಗತಿಯ ಹೆಸರು ‘ಸೃಜನಶೀಲ ಬದುಕು’. ಪ್ರತಿ ಶನಿವಾರ ಬೆಳಿಗ್ಗೆ ಬೆಂಗಳೂರಿನ ಒಬ್ಬ ಮಹಾಶಯ ಕೊರಳಿಗೆ ಮರದ ಮಣಿಸರ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಪ್ರತ್ಯಕ್ಷನಾಗುತ್ತಿದ್ದ. ಮೊದಲ ದಿನವೇ ಆತ ಹೇಳಿದ, ಸ್ಫೂರ್ತಿಯನ್ನು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಅದು ನಿಮ್ಮ ಅಡುಗೆಮನೆಯಲ್ಲೇ ಇದೆ ಎಂದು. ಮಾರನೆಯ ದಿನದಿಂದ ನಮ್ಮವರು ಅಡುಗೆಮನೆಗೆ ಒಂದು ಕುರ್ಚಿ ತಂದು ಹಾಕಿಕೊಂಡರು. ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆಯಬೇಕಾದರೆ ಒಬ್ಬರು ಹೊರಗೆ ಹೋಗಬೇಕು. ಅಂಥದ್ದರಲ್ಲಿ ಇವರ ಕುರ್ಚಿ ಬೇರೆ.

ನಾನು ಪಾಲಿಕ್ಲಿನಿಕ್ ಒಂದರಲ್ಲಿ ಲ್ಯಾಬ್ ಟೆಕ್ನೀಶಿಯನ್. ಬೆಳಿಗ್ಗೆ ತಿಂಡಿ, ಮಧ್ಯಾಹ್ನದ ಬುತ್ತಿ, ಮಗಳ ಶಾಲೆಯ ವ್ಯಾನು, ನನ್ನ ಡ್ಯೂಟಿ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಇವರು ಕುರ್ಚಿಯಲ್ಲಿ ಕುಳಿತು ನಾನು ಈರುಳ್ಳಿ ಹೆಚ್ಚುವುದನ್ನು ನೋಡುತ್ತಿದ್ದರು. ಮನೆಯನ್ನು ಮೊದಲ ಸಲ ನೋಡುವವರ ಕಣ್ಣಿನಿಂದ ನೋಡಬೇಕು ಎಂದು ಗುರುಗಳ ಅಪ್ಪಣೆಯಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುವ ಮನುಷ್ಯನಿಗೆ ಆ ಕಣ್ಣು ಮೊದಲಿನಿಂದಲೂ ಇತ್ತು. ಅದಕ್ಕೆ ತರಗತಿಯ ಅಗತ್ಯವೇ ಇರಲಿಲ್ಲ.

“ವಾರಿಜಾ, ಆ ತೆಂಗಿನಕಾಯಿ ತುರಿಯುದನ್ನು ಸ್ವಲ್ಪ ಮೆಲ್ಲ ಮಾಡು” ಎಂದರು ಒಂದು ದಿನ. “ಶಬ್ದದಲ್ಲಿ ಎಂತದೋ ಉಂಟು.”

“ಹಸಿವು ಉಂಟು” ಎಂದೆ. “ನೀವು ಕುರ್ಚಿ ತೆಗೆದರೆ ಬೇಗ ಆಗ್ತದೆ.”

ಅದನ್ನೂ ಬರೆದುಕೊಂಡರು. ಸಂಜೆಯೊಳಗೆ ಫೇಸ್‌ಬುಕ್ಕಿನಲ್ಲಿ ‘ಅವಳ ತುರಿಮಣೆ’ ಎಂಬ ಕವಿತೆ ಬಂತು. ಕೆಳಗೆ ಊರಿನವರು, ದುಬೈಯವರು, ದಮ್ಮಾಮಿನವರು ಎಲ್ಲರೂ ಹೃದಯದ ಚಿತ್ರ ಹಾಕಿದ್ದರು. ‘ಮನೆಯೊಡತಿಯನ್ನು ಇಷ್ಟು ಆಳವಾಗಿ ಕಂಡ ಗಂಡಸು ಅಪರೂಪ’ ಎಂದು ಒಬ್ಬಳು ಬರೆದಿದ್ದಳು. ಆ ಅಪರೂಪದ ಗಂಡಸು ತಾನು ಉಂಡ ತಟ್ಟೆಯನ್ನು ಸಿಂಕಿನಲ್ಲಿ ಬಿಟ್ಟು ಕಮೆಂಟುಗಳಿಗೆ ಕೈಮುಗಿಯುತ್ತ ಕುಳಿತಿದ್ದರು.

ಇವರು ಹುಟ್ಟಿದ್ದು ಉಳ್ಳಾಲದ ಕಡಲ ಬದಿಯಲ್ಲಿ. ಅಲ್ಲಿರುವಾಗ ಕಡಲಿಗೆ ಬೆನ್ನು ಹಾಕಿ ಕ್ರಿಕೆಟ್ ಆಡಿದವರು ಈಗ ಪ್ರತಿ ಶುಕ್ರವಾರ ಕಾರ್ನಿಶ್‌ಗೆ ಹೋಗಿ, ಕೆಂಪು ಸಮುದ್ರದ ಎದುರು ಲಿನನ್ ಜುಬ್ಬಾ ತೊಟ್ಟು, ಗಲ್ಲಕ್ಕೆ ಕೈಕೊಟ್ಟು ನಿಲ್ಲುತ್ತಿದ್ದರು. ಹಾಗೆ ನಿಂತ ಫೋಟೋ ತೆಗೆಯುವುದು ನನ್ನ ಕೆಲಸ. ಇವೆಲ್ಲವನ್ನೂ ನಾನು ಸಹಿಸಿದೆ. ಬೇರೆಯವರ ಗಂಡಂದಿರು ಶೇರು ಮಾರುಕಟ್ಟೆ ಹಿಡಿದು ಮನೆ ಮುಳುಗಿಸುತ್ತಾರೆ. ನಮ್ಮವರು ಕವಿತೆ ಹಿಡಿದಿದ್ದಾರೆ, ಯಾರಿಗೇನು ತೊಂದರೆ ಎಂದುಕೊಂಡೆ.

ತೊಂದರೆಯಾದದ್ದು ನಮ್ಮ ಮಗಳು ತನುಶ್ರೀಗೆ.

ಪಕ್ಕದ ಫ್ಲ್ಯಾಟಿನಲ್ಲಿ ಭಟ್ಕಳದ ಒಂದು ಕುಟುಂಬವಿತ್ತು. ಅವರ ಮಗಳು ಫಾಇಝಾ ಮತ್ತು ತನು ಎಲ್‌ಕೆಜಿಯಿಂದ ಒಂದೇ ತರಗತಿ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಶಾಲೆಗೆ ಹೋಗುತ್ತಿರಲಿಲ್ಲ. ಈ ವರ್ಷ ಫಾಇಝಾಳ ಅಪ್ಪನ ಇಕಾಮಾ, ಅಂದರೆ ಇಲ್ಲಿ ನೆಲೆಸುವ ಪರವಾನಗಿ, ನವೀಕರಣವಾಗಲಿಲ್ಲ. ಅವರಿಗೆ ವೀಸಾ ಕೊಟ್ಟ ಕಫೀಲ್ ಇವತ್ತು ನಾಳೆ ಎಂದು ದಿನ ದೂಡಿ ಕೊನೆಗೆ ಕೈ ಎತ್ತಿಬಿಟ್ಟ. ಇಡೀ ಕುಟುಂಬ ಕಾಯಂ ಎಕ್ಸಿಟ್ ವೀಸಾ ಹೊಡೆಸಿಕೊಂಡು ಊರಿಗೆ ಹೊರಟಿತು. ಗಲ್ಫಿನಲ್ಲಿ ಬೆಳೆಯುವ ಮಕ್ಕಳಿಗೆ ಇದು ಹೊಸತಲ್ಲ, ಆದರೆ ತನಗೇ ಆಗುವ ತನಕ ಯಾರಿಗೂ ಅದು ಗೊತ್ತಿರುವುದೂ ಇಲ್ಲ. ಫಾಇಝಾ ಹೊರಟ ದಿನ ನನಗೆ ಕ್ಲಿನಿಕ್ಕಿನಲ್ಲಿ ಸಂಜೆ ಡ್ಯೂಟಿ, ರಜೆ ಸಿಗಲಿಲ್ಲ. ಮನೆಯಲ್ಲಿ ಅಪ್ಪ ಇದ್ದಾರಲ್ಲ ಎಂದು ಧೈರ್ಯ ಮಾಡಿ ಹೋದೆ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಮೊಬೈಲು ತೆರೆದರೆ ಕವಿತೆ ಕಂಡಿತು. ಹೆಸರು ‘ಮೊದಲ ವಿದಾಯ’.

‘ಕದ ಅರೆ ತೆರೆದಿತ್ತು.
ಒಳಗೆ ದಿಂಬಿಗೆ ಮುಖವೊತ್ತಿ
ಮಗಳು ಅಳುವುದನ್ನು ಕಲಿಯುತ್ತಿದ್ದಳು.
ನಾನು ಉಸಿರು ಬಿಗಿಹಿಡಿದು ನಿಂತೆ,
ಹಕ್ಕಿಯೊಂದು ಹಾರಿಹೋಗದ ಹಾಗೆ.’

ಇನ್ನೂ ಮುಂದಕ್ಕಿತ್ತು. ಅವಳ ಹಳೆಯ ಟೀಶರ್ಟು, ಫಾಇಝಾ ಕೊಟ್ಟುಹೋದ ಕೂದಲ ಕ್ಲಿಪ್ಪು, ಬಿಕ್ಕಳಿಕೆ, ಎಲ್ಲ ಇತ್ತು. ಕವಿತೆ ಚೆನ್ನಾಗಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಕೆಟ್ಟದಾಗಿದ್ದರೆ ಉಗಿದು ಸುಮ್ಮನಾಗಬಹುದಿತ್ತು.

ಮನೆಗೆ ಬಂದವಳೇ ಕೇಳಿದೆ, “ಮಗು ಅಷ್ಟು ಅಳುವಾಗ ನೀವು ಎಂತ ಮಾಡ್ತಾ ಇದ್ರಿ?”

“ನೋಡ್ತಾ ಇದ್ದೆ” ಎಂದರು. ಅದು ಉತ್ತರವಲ್ಲ ಎಂದು ಅವರಿಗೆ ಹೊಳೆಯಲೂ ಇಲ್ಲ. “ಅವಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ಗೊತ್ತೇ ಆಗುದಿಲ್ಲ.”

ಅದು ನಿಜ. ಮನೆಯಲ್ಲಿ ತುಳುವನ್ನೂ ಕನ್ನಡವನ್ನೂ ಕಲಸಿ ಮಾತಾಡುವುದರಿಂದ ತನುವಿಗೆ ಕೇಳಿದರೆ ಅರ್ಥವಾಗುತ್ತದೆ. ಅಕ್ಷರ ಕಲಿತದ್ದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಮಗಳಿಗೆ ಅಕ್ಷರ ಬಾರದ್ದನ್ನು ಇಷ್ಟು ಅನುಕೂಲ ಮಾಡಿಕೊಂಡ ಕನ್ನಡ ಕವಿ ಇನ್ನೊಬ್ಬನಿರಲಿಕ್ಕಿಲ್ಲ.

ಎರಡು ತಿಂಗಳಲ್ಲಿ ಕವಿತೆಗಳೆಲ್ಲ ಪುಸ್ತಕವಾಗುವುದಕ್ಕೆ ಸಿದ್ಧವಾದವು. ಮಂಗಳೂರಿನ ಪ್ರೆಸ್ಸಿನಿಂದ ಬಂದ ಕರಡನ್ನು ನನ್ನ ಕೈಗಿತ್ತು, ಒಮ್ಮೆ ಕಣ್ಣಾಡಿಸು ಎಂದರು. ‘ಮೊದಲ ವಿದಾಯ’ ನಟ್ಟನಡುವೆ ಇತ್ತು. ಅದನ್ನು ತೆಗೆಯಿರಿ ಎಂದೆ. ಅದು ಪುಸ್ತಕದ ಜೀವ ಎಂದರು. ಮಗಳ ಜೀವ ಏನಾಯಿತು ಎಂದೆ. ಕಲೆ, ಖಾಸಗಿತನ, ಸತ್ಯ ಎಂದು ಮಣಿಸರದವನಿಂದ ಕಲಿತದ್ದನ್ನೆಲ್ಲ ಒಪ್ಪಿಸಿದರು. ಜಗಳ ಜೋರಾದ ಮೇಲೆ ಒಂದು ಮೆಟ್ಟಿಲು ಇಳಿದರು: ಪುಸ್ತಕದಲ್ಲಿ ಇರಲಿ, ಬಿಡುಗಡೆಯ ದಿನ ವೇದಿಕೆಯಲ್ಲಿ ಓದುವುದಿಲ್ಲ, ತನುವಿನ ಕಿವಿಗೆ ಬೀಳುವುದಿಲ್ಲ.

“ಅವಳ ಆಣೆ ಹಾಕಿ ಹೇಳಿ” ಎಂದೆ.

“ಓದುದಿಲ್ಲ ಅಂದೆನಲ್ಲ” ಎಂದರು.

ಅದೇ ಸಿಟ್ಟಿನಲ್ಲಿ ಮುಂದಿನ ಹಾಳೆ ತಿರುವಿದಾಗ ಇನ್ನೊಂದು ಕವಿತೆ ಕಂಡಿತು. ‘ರಾತ್ರಿಯಿಡೀ ಕತ್ತಲಲ್ಲಿ ಹುಳಿ ಬರುವ ನೀರುದೋಸೆಯ ಹಿಟ್ಟು, ಅವಳ ತಾಳ್ಮೆ.’ ಎರಡು ಸಲ ಓದಿದೆ. ನೀರುದೋಸೆಯ ಹಿಟ್ಟಿಗೆ ಹುಳಿ ಬರಿಸುವುದಿಲ್ಲ ಎಂದು ನಮ್ಮ ಕಡೆ ಹಾಲುಹಲ್ಲಿನ ಮಗುವಿಗೂ ಗೊತ್ತು. ಬೆಳಿಗ್ಗೆ ರುಬ್ಬಬೇಕು, ನೀರು ಮಾಡಬೇಕು, ಹೊಯ್ಯಬೇಕು, ಮುಗಿಯಿತು. ಹುಟ್ಟಿದಾಗಿನಿಂದ ವಾರಕ್ಕೆರಡು ಸಲ ಅದನ್ನು ತಿಂದವರು, ಕುರ್ಚಿ ಹಾಕಿಕೊಂಡು ಅದನ್ನು ಹೊಯ್ಯುವುದನ್ನೇ ನೋಡಿದವರು ಬರೆದ ಸಾಲು ಇದು. ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದರು. ನಾನು ಕರಡನ್ನು ಮಡಚಿ, ಎಲ್ಲ ಸರಿಯುಂಟು ಎಂದು ವಾಪಸು ಕೊಟ್ಟೆ.

ಬಿಡುಗಡೆ ಇಟ್ಟುಕೊಂಡದ್ದು ಒಂದು ಶುಕ್ರವಾರ ಸಂಜೆ, ಊರ ಹೊರಗಿನ ಇಸ್ತಿರಾಹದಲ್ಲಿ. ಇಸ್ತಿರಾಹ ಅಂದರೆ ಕಾರ್ಯಕ್ರಮಗಳಿಗೆ ಬಾಡಿಗೆಗೆ ಕೊಡುವ, ಎತ್ತರದ ಗೋಡೆಯೊಳಗೆ ಅಂಗಳ, ಹುಲ್ಲುಹಾಸು, ಸಣ್ಣ ಈಜುಕೊಳ ಇರುವ ಮನೆ. ನಮ್ಮ ಕನ್ನಡ ಸಂಘದ ಸಕಲ ಸಂಸ್ಕೃತಿಯೂ ಆ ಈಜುಕೊಳದ ಪಕ್ಕದಲ್ಲೇ ನಡೆಯುವುದು. ಸಂಘದ ಕಾರ್ಯದರ್ಶಿ ರಂಜಿತ್ ಮೈಕು ಹಿಡಿದರೆ ಬಿಡುವವನಲ್ಲ. ಸ್ವಾಗತ, ದೀಪ, ಹೂಗುಚ್ಛ, ಶಾಲು, ಮತ್ತೆ ಶಾಲು. ಹಾರ ಹಾಕಿದವರಿಗೂ ಹಾರ ಹಾಕುವುದು ನಮ್ಮ ಸಂಘದ ಕ್ರಮ. ಇಲ್ಲವಾದರೆ ಮುಂದಿನ ವರ್ಷ ಅವರು ಬರುವುದಿಲ್ಲ. ಮುಂದಿನ ಸಾಲಿನಲ್ಲಿ ಭಟ್ಕಳದ ಬಟ್ಟೆ ವ್ಯಾಪಾರಿ ಖಲೀಲುರ್ರಹ್ಮಾನ್ ಸಾಹೇಬರು, ಹೆಂಗಸರ ಕಡೆ ಅವರ ಹೆಂಡತಿ ಬದ್ರುನ್ನಿಸಾ. ಊಟದ ಏರ್ಪಾಡು ಅವರದಾದ್ದರಿಂದ ಭಾಷಣಗಳಲ್ಲಿ ಸಾಹಿತ್ಯಕ್ಕಿಂತ ಅವರ ಹೆಸರೇ ಹೆಚ್ಚು ಸಲ ಬಂತು. ತನು ನನ್ನ ಪಕ್ಕದಲ್ಲಿ ಕುಳಿತು ಮೊಬೈಲು ನೋಡುತ್ತಿದ್ದಳು.

ಮುಖ್ಯ ಅತಿಥಿ ದಾವಣಗೆರೆ ಕಡೆಯ ನಿವೃತ್ತ ಪ್ರೊಫೆಸರು, ಇಲ್ಲಿ ಮಗನ ಮನೆಗೆ ಬಂದವರು. ಅವರು ಕನ್ನಡಕ ಏರಿಸಿಕೊಂಡು ಅದೇ ಸಾಲನ್ನು ಹಿಡಿದರು. “ನೋಡ್ರಿ, ಕರಾವಳಿ ಕವಿಗೆ ಮಾತ್ರ ಹೊಳಿಯೋ ಉಪಮೆ ಇದು. ರಾತ್ರಿಯೆಲ್ಲಾ ಹುಳಿ ಬರೋ ನೀರುದೋಸೆ ಹಿಟ್ಟು. ಹೆಣ್ಣಿನ ತಾಳ್ಮೆ ಅಂದ್ರ ಇದೇ ಅಲ್ಲೇನ್ರಿ.”

ಹೆಂಗಸರ ಕಡೆ ಮೊದಲು ಒಂದು ಕೆಮ್ಮು ಕೇಳಿತು. ಆಮೇಲೆ ಬದ್ರುನ್ನಿಸಾ ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಇತ್ತು. “ಅಲ್ಲ, ನೀರುದೋಸೆ ಹಿಟ್ಟು ರಾತ್ರಿಯಿಡೀ ಇಟ್ರೆ ಬೆಳಿಗ್ಗೆ ಚೆಲ್ಲುದೇ ಅಲ್ವಾ? ಪಾಪ, ವಾರಿಜಕ್ಕ ಇವರಿಗೆ ಎಂತ ತಿನ್ನಿಸ್ತಾರೆ?”

ನಗು ಆ ಸಾಲಿನಿಂದ ಈ ಸಾಲಿಗೆ ದಾಟಿತು. ಗಂಡಸರೂ ನಕ್ಕರು, ಹಿಟ್ಟಿನ ವಿಷಯ ಅವರಲ್ಲಿ ಅರ್ಧದಷ್ಟು ಮಂದಿಗೆ ಆಗಲೇ ಗೊತ್ತಾದದ್ದು, ಆದರೂ ಮೊದಲೇ ಗೊತ್ತಿದ್ದವರ ಹಾಗೆ ನಕ್ಕರು. ಪ್ರೊಫೆಸರಿಗೆ ಏನೆಂದೇ ತಿಳಿಯಲಿಲ್ಲ, ಅವರೂ ನಕ್ಕರು. ವೇದಿಕೆಯ ಮೇಲೆ ನಮ್ಮವರ ಕಿವಿ ಕೆಂಪಗಾದದ್ದು ನನ್ನ ಕುರ್ಚಿಗೇ ಕಾಣುತ್ತಿತ್ತು. ನನಗೆ ಆದ ಖುಷಿ ಹೇಳತೀರದು. ಅಡುಗೆಮನೆಯ ಆ ಕುರ್ಚಿಗೆ, ಆ ಜುಬ್ಬಾಕ್ಕೆ, ಕಾರ್ನಿಶ್‌ನ ಎಲ್ಲ ಫೋಟೋಗಳಿಗೆ ಅವತ್ತು ಲೆಕ್ಕ ಚುಕ್ತಾ ಆಯಿತು ಎಂದುಕೊಂಡೆ.

ಆಮೇಲೆ ರಂಜಿತ್ ಕವಿತಾವಾಚನಕ್ಕೆ ಕರೆದ. ನಮ್ಮವರು ಎದ್ದು ನಿಂತರು. ನಗು ಇನ್ನೂ ಪೂರ್ತಿ ನಿಂತಿರಲಿಲ್ಲ, ಹಿಂದಿನಿಂದ ಯಾರೋ “ಹಿಟ್ಟು ಹುಳಿ ಬಂತಾ?” ಎಂದು ಕೇಳಿದರು. ನಮ್ಮವರು ಗುರುತಿಟ್ಟುಕೊಂಡಿದ್ದ ಹಾಳೆಯನ್ನು ಬಿಟ್ಟು ಮುಂದಕ್ಕೆ ತಿರುವತೊಡಗಿದರು. ಪುಸ್ತಕದ ನಡುವಿಗೆ ಬಂದು ನಿಂತಾಗ ನನಗೆ ಅರ್ಥವಾಯಿತು. ಸಭೆಯನ್ನು ವಾಪಸು ಗೆಲ್ಲುವುದಕ್ಕೆ ಅವರ ಹತ್ತಿರ ಇದ್ದದ್ದು ಅದೊಂದೇ. ಅವರನ್ನು ಆ ಹಾಳೆಯ ತನಕ ಅಟ್ಟಿದ ನಗುವಿಗೆ ದಾರಿ ಮಾಡಿಕೊಟ್ಟವಳು ನಾನೇ. ಬೇಡ ಎಂದು ಕುಳಿತಲ್ಲಿಂದಲೇ ತಲೆಯಾಡಿಸಿದೆ. ಅವರು ನನ್ನ ಕಡೆ ನೋಡಲಿಲ್ಲ.

‘ಮೊದಲ ವಿದಾಯ’ ಎಂದರು, ದನಿ ತಗ್ಗಿಸಿ.

ತಂಗಾಳಿಗೆ ಅಂಗಳದ ಬ್ಯಾನರು ಪಟಪಟ ಅನ್ನುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಟೀಶರ್ಟು ಬಂತು, ಕೂದಲ ಕ್ಲಿಪ್ಪು ಬಂತು. ತನು ಮೊಬೈಲನ್ನು ಮಡಿಲಲ್ಲಿ ಮಗುಚಿ ಹಾಕಿದಳು. ನಾನು ಅವಳ ಕೈ ಹಿಡಿಯಲು ಹೋದೆ, ಅವಳು ಕೈಯನ್ನು ಮೆಲ್ಲ ಎಳೆದುಕೊಂಡಳು. ಮುಗಿಯುವಾಗ ಬದ್ರುನ್ನಿಸಾ ದುಪಟ್ಟಾದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಚಪ್ಪಾಳೆ ನಿಲ್ಲಲೇ ಇಲ್ಲ. ಹಿಟ್ಟಿನ ವಿಷಯ ಎಲ್ಲರಿಗೂ ಮರೆತುಹೋಗಿತ್ತು.

“ಈಗ ಕವಿಯ ಸ್ಫೂರ್ತಿಯೇ ವೇದಿಕೆಗೆ ಬರಬೇಕು” ಎಂದ ರಂಜಿತ್. “ಮೇಡಮ್, ತನುಶ್ರೀ, ಯಲ್ಲಾ, ಬನ್ನಿ.”

ನಾನು ಏಳಲಿಲ್ಲ. ತನು ಎದ್ದು ಹೋದಳು. ಅಪ್ಪ ಮಗಳ ಹೆಗಲ ಮೇಲೆ ಕೈ ಹಾಕಿದರು. ಇಬ್ಬರಿಗೂ ಸೇರಿಸಿ ಒಂದು ಶಾಲು ಹೊದಿಸಿದರು. ಫೋಟೋ ತೆಗೆಯುವವನು ಇಂಗ್ಲಿಷಿನಲ್ಲಿ ನಗು ಎಂದಾಗ ಅವಳು ನಕ್ಕಳು ಕೂಡ. ಅಂಥ ನಗುವನ್ನು ನಾನು ನನ್ನ ಮಗಳ ಮುಖದಲ್ಲಿ ಅದುವರೆಗೆ ನೋಡಿರಲಿಲ್ಲ, ನಮ್ಮ ಲ್ಯಾಬಿಗೆ ರಕ್ತ ಕೊಡಲು ಬಂದವರ ಮುಖದಲ್ಲಿ ನೋಡಿದ್ದೇನೆ.

ವಾಪಸು ಬರುವಾಗ ನಮ್ಮವರು ಕಾರು ಓಡಿಸುತ್ತ ಒಂದೇ ಸಮನೆ ಮಾತಾಡುತ್ತಿದ್ದರು. ಪ್ರೊಫೆಸರು ಮುಂದಿನ ಪುಸ್ತಕಕ್ಕೆ ಮುನ್ನುಡಿ ಬರೆದುಕೊಡುತ್ತಾರಂತೆ, ರಿಯಾದಿನಲ್ಲೂ ಒಂದು ಕಾರ್ಯಕ್ರಮ ಮಾಡುವ ಎಂದರಂತೆ. ನನಗೆ ಕೊಟ್ಟ ಮಾತಿನ ಸುದ್ದಿಯನ್ನೇ ಎತ್ತಲಿಲ್ಲ. ಮನೆ ತಲುಪಿದ ಮೇಲೆ ಇವರಿಗೆ ಏನೇನು ಹೇಳಬೇಕು ಎಂದು ನಾನು ಮನಸ್ಸಿನಲ್ಲೇ ಒಂದೊಂದಾಗಿ ಮಸೆಯುತ್ತ ಕುಳಿತಿದ್ದೆ. ದೊಡ್ಡ ಸಿಗ್ನಲಿನಲ್ಲಿ ಕಾರು ನಿಂತಿತು.

“ಪಪ್ಪ” ಎಂದಳು ತನು ಹಿಂದಿನ ಸೀಟಿನಿಂದ. “ಅವತ್ತು ಡೋರ್ ಹತ್ರ ಇದ್ದದ್ದು ನೀವಾ?”

“ಹೌದು ಮಗಾ” ಎಂದರು. ದನಿಯಲ್ಲಿ ಇನ್ನೂ ವೇದಿಕೆ ಇತ್ತು. “ನಿನಗೆ ಗೊತ್ತಾಗಬಾರದು ಅಂತ ಉಸಿರು ಕೂಡ ಬಿಡಲಿಲ್ಲ ನಾನು.”

“ನನಗೆ ಗೊತ್ತಾಗಿತ್ತು. ನೆಲದ ಮೇಲೆ ಶ್ಯಾಡೋ ಕಾಣ್ತಿತ್ತು.” ಅವಳು ಅಳುತ್ತಿರಲಿಲ್ಲ. ಹೋಮ್‌ವರ್ಕು ಮುಗಿಯಿತು ಎಂದು ಹೇಳುವ ದನಿಯಲ್ಲಿ ಹೇಳಿದಳು. “ಒಳಗೆ ಬರ್ತೀರಿ ಅಂತ ವೇಟ್ ಮಾಡ್ತಾ ಇದ್ದೆ. ನೀವು ಬರ್ಲಿ ಅಂತ ಸ್ವಲ್ಪ ಜೋರು ಕೂಡ ಅತ್ತೆ. ಆಮೇಲೆ ಶ್ಯಾಡೋ ಹೋಯ್ತು.”

ಮಸೆದಿಟ್ಟದ್ದರಲ್ಲಿ ಒಂದು ಮಾತೂ ನನಗೆ ಬೇಕಾಗಲಿಲ್ಲ. ನಮ್ಮವರು ಕನ್ನಡಿಯಲ್ಲಿ ಅವಳನ್ನು ನೋಡಲು ಹೋಗಿ, ನೋಡದೆ ಕಣ್ಣು ತೆಗೆದರು. ಸಿಗ್ನಲು ಹಸಿರಾಯಿತು, ಹಿಂದಿನ ಕಾರುಗಳವರು ಹಾರ್ನು ಹೊಡೆಯತೊಡಗಿದರು, ನಮ್ಮ ಕಾರು ಅಲ್ಲೇ ನಿಂತಿತ್ತು.