ಸಾಹೇಬರು ಕಲಿತ ಸಂಪ್ರದಾಯ

ನಮ್ಮ ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಕೂರುವ ಹಾಗಿಲ್ಲ. ಬೆಳಗ್ಗೆ ನಿಂತರೆ ಸಂಜೆಯವರೆಗೂ ನಿಂತೇ ಇರಬೇಕು. ಮುಖಕ್ಕೆ ಹಬೆ ಹೊಡೆಯುತ್ತದೆ, ಕಾಲು ಊದಿ ಚಪ್ಪಲಿ ಬಿಗಿಯಾಗುತ್ತದೆ. ದುಕಾಮೆ ನನ್ನ ಪಕ್ಕದ ಮೇಜಿನಲ್ಲಿ ಹಾಗೆ ನಿಂತಿದ್ದಳು, ತುಂಬುತ್ತಿದ್ದ ಹೊಟ್ಟೆ ಹೊತ್ತುಕೊಂಡು. ಒಂದು ಮಧ್ಯಾಹ್ನ ಅವಳಿಗೆ ಸೊಂಟ ಹಿಡಿದುಕೊಂಡಿತು. ಆಸ್ಪತ್ರೆಗೆ ಹೋಗುತ್ತೇನೆ ಎಂದು ಸೂಪರ್‌ವೈಸರನನ್ನು ಕೇಳಿದಳು. ಮಾಲು ಹಡಗಿಗೆ ಹೋಗಬೇಕು, ಸಂಜೆ ನೋಡೋಣ ಅಂದ. ಮತ್ತೆ ಕೇಳಿದಳು. ಅವನು ಅವಳ ಮೇಜಿನ ಮೇಲೆ ಇನ್ನಷ್ಟು ಅಂಗಿ ಇಟ್ಟು ಹೋದ. ಸಂಜೆಯಾಗುವ ಮೊದಲೇ, ಆ ಅಂಗಿಗಳ ನಡುವೆಯೇ ಅವಳ ಕೂಸು ಹೋಯಿತು. ನಾನು ಕಣ್ಣಾರೆ ನೋಡಿದೆ. ಇವತ್ತಿಗೂ ಅದನ್ನು ಪೂರ್ತಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅವಳು ಕೇಳಲೇ ಇಲ್ಲ ಎಂದು ಸೂಪರ್‌ವೈಸರ್ ಸಾಧಿಸಿದ. ದುಕಾಮೆ ಹವಾಸ ಪಟ್ಟಣದ ಕಾರ್ಮಿಕ ಕಚೇರಿಗೆ ಹೋಗಿ ದೂರು ಕೊಟ್ಟಳು. ಅವಳಿಗೆ ಬೇಕಿದ್ದದ್ದು ಒಂದೇ: ಇವಳು ಕೇಳಿದಳು, ನಾನು ಬಿಡಲಿಲ್ಲ ಎಂದು ಅವನು ನಾಲ್ಕು ಜನರೆದುರು ಹೇಳಬೇಕು.

ಕಾರ್ಖಾನೆ ಹೊರದೇಶದವರದು. ಮೊದಲಿದ್ದ ಎಚ್.ಆರ್. ಸಾಹೇಬ ಗೋಡೆ ತುಂಬ ನಿಯಮ ಅಂಟಿಸಿದ್ದ. ನಮ್ಮ ಹುಡುಗಿಯರು ಜಗಳವಾಡಲಿಲ್ಲ. ಮನಸ್ಸು ನೊಂದವರು ಮಾತಿಲ್ಲದೆ ಎದ್ದು ಊರಿಗೆ ಹೋದರು, ಮಷೀನುಗಳು ಖಾಲಿ ಬಿದ್ದವು. ಆಮೇಲೆ ಬಂದವನು ಜಾಣ. ನಮ್ಮ ಜೊತೆ ನೆಲದ ಮೇಲೆ ಕೂತ. ಉಪ್ಪು, ಬೆಣ್ಣೆ ಹಾಕಿದ ಕಾಫಿ ಕುಡಿದ. ನಮ್ಮಲ್ಲಿ ಪಂಚಾಯ್ತಿ ಶುರುವಾಗುವುದೇ 'ಅಫಿನಿ?' ಅಂತ, ಅಂದರೆ ಸುದ್ದಿ ಕೇಳಿದಿರಾ ಅಂತ. ಅವನೂ ಪ್ರತಿ ಸಭೆಯಲ್ಲಿ ತೊದಲುತ್ತಾ 'ಅಫಿನಿ' ಅನ್ನುತ್ತಿದ್ದ, ಹುಡುಗಿಯರು ನಕ್ಕು ಸಾಯುತ್ತಿದ್ದರು. ಸ್ಥಳೀಯ ಸಂಸ್ಕೃತಿಗೆ ಹೊಂದಿಕೊಂಡ ಅಧಿಕಾರಿ ಎಂದು ಮೇಲಿನವರು ಅವನನ್ನು ಹೊಗಳಿದರಂತೆ. ನಮ್ಮ ಸಿಡಾಮ ಜನ ಹಿರಿಯರ ಮಾತು ತೆಗೆದುಹಾಕುವುದಿಲ್ಲ ಎಂಬುದನ್ನೂ ಅವನು ಚೆನ್ನಾಗಿಯೇ ಕಲಿತಿದ್ದ.

ಒಂದು ಭಾನುವಾರ ನಾನು ದುಕಾಮೆಯ ಜೊತೆಗಿದ್ದಾಗ ಅವಳ ಬಾಡಿಗೆ ಕೋಣೆಯ ಮುಂದೆ ಕಂಪನಿಯ ವ್ಯಾನು ನಿಂತಿತು. ಅದರಿಂದ ಅವಳ ದೊಡ್ಡಪ್ಪ ಲಂಕಾಮೊ ಇಳಿದರು, ಜೊತೆಗೆ ಊರಿನ ಇನ್ನಿಬ್ಬರು ಹಿರಿಯರು, ಹಿಂದೆ ಸಾಹೇಬ ಮತ್ತು ದುಭಾಷಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ಕಂಡಿದ್ದೇನೆ. ಇವರು ಖಾಲಿ ತೊಟ್ಟಿಲು ತೂಗಲು ಬಂದಿದ್ದರು. ದುಕಾಮೆ ಕಾಫಿ ಬಗ್ಗಿಸಿ ಎಲ್ಲರ ಮುಂದಿಟ್ಟಳು. ಯಾರೂ ಮುಟ್ಟಲಿಲ್ಲ.

"ಕಂಪ್ನಿಯೋರು ಬಾಗ್ಲಿಗೆ ಬಂದವ್ರೆ ಮಗಳೇ," ಅಂದರು ಲಂಕಾಮೊ. "ದೂರು ವಾಪಸ್ ತಗೋ. ನೀನು ಹೂಂ ಅನ್ನೋಗಂಟ ನಾವು ಈ ಕಾಫಿ ಮುಟ್ಟಕ್ಕಿಲ್ಲ."

"ದೊಡ್ಡಪ್ಪ, ಮೊದ್ಲು ತಪ್ಪು ಮಾಡ್ದೋನು ಬಂದು ನಿಜ ಹೇಳ್ಬೇಕು. ಆಮೇಲಲ್ವಾ ರಾಜಿ? ಅವನೆಲ್ಲಿ?"

ಲಂಕಾಮೊ ಸಾಹೇಬನ ಕಡೆ ನೋಡಿದರು. ನಡೆದದ್ದಕ್ಕೆ ಕಂಪನಿಗೆ ತುಂಬಾ ವಿಷಾದವಿದೆ ಎಂದು ಸಾಹೇಬ ದುಭಾಷಿಯ ಬಾಯಿಂದ ಹೇಳಿಸಿದ. ನಡೆಸಿದವರು ಯಾರು ಎಂಬ ಮಾತು ಬರಲೇ ಇಲ್ಲ. ಮರದಡಿ ಕೂತು ಜನರ ಬಾಯಿಂದ ಸತ್ಯ ಹೊರಡಿಸುವುದರಲ್ಲೇ ತಲೆ ನರೆಸಿಕೊಂಡ ಮನುಷ್ಯ ಲಂಕಾಮೊ. ಅವರಿಗೆ ಗೊತ್ತಾಗದೆ ಇದ್ದೀತೇ? ಆದರೆ ಊರಿನ ಇನ್ನಷ್ಟು ಹುಡುಗಿಯರಿಗೆ ಕೆಲಸ ಕೊಡುವುದಾಗಿ ಕಂಪನಿ ಅವರಿಗೆ ಮಾತು ಕೊಟ್ಟಿತ್ತು.

"ಕಾಫಿ ಆರ್ತೈತೆ ಕಣವ್ವ," ಅಂದರು, ತಲೆ ಎತ್ತದೆ.

ಹಿರಿಯರನ್ನು ಬರಿಗೈಲಿ ಕಳಿಸಿದವಳಿಗೆ ಊರಿನಲ್ಲಿ ಮುಖವಿಲ್ಲ, ಒಳ್ಳೆಯದಾಗಲಿ ಎನ್ನುವವರೂ ಇಲ್ಲ. ದುಕಾಮೆ ಹೂಂ ಅಂದಳು. ಎಲ್ಲರೂ ಬಟ್ಟಲು ಎತ್ತಿದರು. ಸಾಹೇಬ ತಳದವರೆಗೂ ಕುಡಿದ.

ದೂರು ಮುಚ್ಚಿಹೋಯಿತು. ದುಕಾಮೆ ಮತ್ತೆ ಇಸ್ತ್ರಿ ಮೇಜಿಗೆ ಬಂದು ನಿಂತಳು. ಅದೇ ಸೂಪರ್‌ವೈಸರ್ ಅವಳ ಹಿಂದೆ ಓಡಾಡುತ್ತಿದ್ದ.

ಸುದ್ದಿ ತಿಳಿದು ಬೆಟ್ಟದ ಊರಿನಿಂದ ಅವಳ ತಾಯಿ ಅರ್ಗಾತೆ ಬಂದಳು. ಅವನು ಒಪ್ಪಿಕೊಂಡನೇ ಎಂದು ಮಗಳನ್ನು ಕೇಳಿದಳು. ಇಲ್ಲ ಎಂದಾಗ ತುತ್ತು ಅನ್ನವನ್ನೂ ಮುಟ್ಟದೆ ಎದ್ದು ಹೋದಳು. ಮಗಳ ಮೇಲೆ ಮುನಿಸಿಕೊಂಡಳೆಂದು ನಾವು ತಿಳಿದೆವು.

ಮುಂದಿನ ಸಂತೆಯ ದಿನ ಗೇಟಿನ ಹೊರಗೆ ಹಾಡು ಕೇಳಿಸಿತು. ಅರ್ಗಾತೆಯ ಹಿಂದೆ ಬೆಟ್ಟದ ಹೆಂಗಸರು ಸಾಲುಗಟ್ಟಿ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಮದುವೆಯ ದಿನ ಕೊಟ್ಟ ಸಿಕ್ಕೊ ಕೋಲು. ಹೆಣ್ಣಿಗೆ ಅನ್ಯಾಯ ಮಾಡಿದವನ ಮನೆಬಾಗಿಲಿಗೆ ಆ ಕೋಲು ಹಿಡಿದು ಹೋಗುವುದು ನಮ್ಮ ತಾಯಂದಿರ ಕಟ್ಟಳೆ. ಸಾಹೇಬ ನಗುತ್ತಾ ಹೊರಗೆ ಬಂದು ಮೊಬೈಲಿನಲ್ಲಿ ವಿಡಿಯೋ ತೆಗೆಯತೊಡಗಿದ. ಇದು ಯಾವ ಹಬ್ಬ, ಕಾಫಿ ಮಾಡಿಸಲೇ ಎಂದು ಕೇಳಿದ. ದುಭಾಷಿ ತಲೆ ತಗ್ಗಿಸಿದ.

"ಹಬ್ಬ ಅಲ್ಲ," ಅಂದಳು ಅರ್ಗಾತೆ. "ನನ್ ಮಗಳು ಕೇಳ್ಕಂಡ್ಲು, ನಾನೇ ಬಿಡ್ಲಿಲ್ಲ ಅಂತ ಆ ಮನ್ಸ ಇಲ್ಲಿಗ್ ಬಂದು ಹೇಳ್ಲಿ. ಹೇಳೋಗಂಟ ಈ ಬಾಗ್ಲು ನಮ್ದು."

ಸಾಹೇಬನ ನಗು ಇಳಿಯಿತು. ಹಿರಿಯರನ್ನು ಕರೆತರಲು ವ್ಯಾನು ಕಳಿಸಿದ. ಲಂಕಾಮೊ ಬಂದು ಇಳಿದವರು ಕೋಲುಗಳನ್ನು ನೋಡಿ ರಸ್ತೆಯ ಆಚೆಗೇ ನಿಂತರು. ಹೆಂಗಸರು ಸಿಕ್ಕೊ ಹಿಡಿದ ಕಡೆ ಗಂಡಸು ದಾಟುವ ಹಾಗಿಲ್ಲ. ಸಾಹೇಬ ಕೈಬೀಸಿ ಕರೆದ. ಮುದುಕ ಕದಲಲಿಲ್ಲ. ಇಷ್ಟೆಲ್ಲ ಕಲಿತವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಅಷ್ಟರಲ್ಲಿ ಕಂಪನಿಯವರು ಸೂಪರ್‌ವೈಸರನನ್ನು ಹಿಂದಿನ ಗೇಟಿನಿಂದ ದಾಟಿಸಿಬಿಟ್ಟಿದ್ದರು. ಬೇರೆ ದೇಶದಲ್ಲಿರುವ ತಮ್ಮ ಇನ್ನೊಂದು ಕಾರ್ಖಾನೆಗೆ ಕಳಿಸಿದರಂತೆ. ಆ ಮಾತನ್ನು ಅವನು ಇವತ್ತಿಗೂ ಹೇಳಿಲ್ಲ.

ಒಳಗೆ ನಾವು ಇಸ್ತ್ರಿಪೆಟ್ಟಿಗೆಗಳನ್ನು ಆರಿಸಿದೆವು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ದುಕಾಮೆಯನ್ನು ಮುಂದೆ ಬಿಟ್ಟುಕೊಂಡು ಹೊರಗೆ ನಡೆದೆವು. ಸಾಲಿನಲ್ಲಿದ್ದ ಗುರುತಿಲ್ಲದ ಮುದುಕಿಯೊಬ್ಬಳು ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು. ಕಚೇರಿಯವರಾಗಲಿ, ಹಿರಿಯರಾಗಲಿ, ಸಾಹೇಬನಾಗಲಿ ಒಮ್ಮೆಯೂ ಕೇಳದಿದ್ದದ್ದನ್ನು ಆ ಮುದುಕಿ ಕೇಳಿದಳು.

"ಏನಾಗಿತ್ತವ್ವ, ಗಂಡೋ ಹೆಣ್ಣೋ?"

"ಹೆಣ್ಣು," ಅಂದಳು ದುಕಾಮೆ.

ಆ ಮಾತು ಬಾಯಿಂದ ಬಾಯಿಗೆ ಸಾಲಿನ ಕೊನೆಯವರೆಗೂ ಹೋಯಿತು. ಹಾಡು ನಿಂತಿತು. ಹೆಂಗಸರು ನಿಲ್ಲಿಸಿದ್ದು ಹಾಡನ್ನು ಮಾತ್ರ, ಗೇಟು ಬಿಟ್ಟು ಒಬ್ಬಳೂ ಕದಲಲಿಲ್ಲ.